ಕುರ್ಚಿ ಸಮೇತ ವೇದಿಕೆಗೆ

ಕೂಟದ ಅಧ್ಯಕ್ಷರಾದ ಸಾಹುಕಾರರಿಗೆ ಗಂಟಲು ಕಟ್ಟಿದೆ ಎಂಬ ಸುದ್ದಿ ಬಂದಾಗ ನಾನು ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರದೇ ದನಿಯಲ್ಲಿ ಬಿಸಿನೀರಿನ ಬಗ್ಗೆ ಭಾಷಣ ಮಾಡುತ್ತಿದ್ದೆ. "ಮಾನ್ಯರೇ, ಈ ಹಂಡೆ ನಮ್ಮ ಮನೆತನಕ್ಕೆ ಕೊಟ್ಟ ಕೊಡುಗೆ ಸಾಮಾನ್ಯವಾದದ್ದೇ? ಹಾಂ?" ಅಂತ. ನಮ್ಮವ್ವ ಅಡುಗೆಮನೆಯಿಂದಲೇ ಕೂಗಿದಳು: "ಲೇ, ಬೆಳಬೆಳಗ್ಗೆ ಸಾವ್ಕಾರ್ರನ್ನ ಬಚ್ಚಲಿಗೆ ಕರ್ಕಂಬರ್ಬೇಡ ಕಣೋ. ಅವರು ಹೋದ್ಮೇಲೆ ನೀನು ಸ್ನಾನ ಮಾಡು."

ಅಜ್ಜಂಪುರದಲ್ಲಿ ಆಟೋದ ಮೇಲೆ ಮೈಕು ಕಟ್ಟಿಕೊಂಡು ಹೋಗುವ ಪ್ರಚಾರದ ದನಿ ನನ್ನದು. ಸೀರೆ ಅಂಗಡಿ ಶುರುವಾದರೂ ನಾನೇ, ಕಣ್ಣಿನ ತಪಾಸಣೆಗೂ ನಾನೇ, ಯಾರದಾದರೂ ಹಸು ಕಳೆದರೂ ನಾನೇ. ದನಿ ಬಾಡಿಗೆಗೆ ಕೊಡುವವನಿಗೆ ಸ್ವಂತ ದನಿಯ ಮೇಲೆ ಅಷ್ಟು ಮೋಹ ಇರುವುದಿಲ್ಲ. ಊರಿನವರೆಲ್ಲರ ದನಿಯನ್ನೂ ನಾನು ಅವರಿಗಿಂತ ಚೆನ್ನಾಗಿ ಮಾತಾಡುತ್ತೇನೆ ಎಂಬ ಜಂಬ ನನಗಿತ್ತು. ಯಾರಾದರೂ "ಎಲ್ಲಿ, ನಿನ್ನ ದನೀಲಿ ಒಂದು ಮಾತು ಆಡು" ಅಂದರೆ ಮಾತ್ರ ಕೆಮ್ಮು ಬರುತ್ತಿತ್ತು.

ಇಂಥವನನ್ನೇ ಚಳಿಗಾಲದ ಕೂಟಕ್ಕೆ ನಿರೂಪಕನನ್ನಾಗಿ ಮಾಡಿದ್ದರು.

ಮಾಗಿ ಚಳಿ ಹಿಡಿದು, ರಾಗಿ ಒಕ್ಕಣೆ ಮುಗಿದು, ಮನೆಮನೆಯಲ್ಲೂ ಅವರೆಕಾಯಿ ಸಿಪ್ಪೆ ರಾಶಿ ಬೀಳುವ ಹೊತ್ತಿಗೆ ನಮ್ಮ ಕಡೆ ಈ ಕೂಟ ನಡೆಯುತ್ತದೆ. ಒಂದು ವರ್ಷ ಕಡೂರು, ಒಂದು ವರ್ಷ ತರೀಕೆರೆ, ಒಂದು ವರ್ಷ ಅಜ್ಜಂಪುರ. ಹಾಡು, ಭಜನೆ, ಕೋಲಾಟ, ಮಕ್ಕಳ ಚಿತ್ರ, ಜೊತೆಗೆ ತಿಳಿದವರಿಂದ ಒಂದು ಉಪನ್ಯಾಸ. ಆಹ್ವಾನ ಪತ್ರಿಕೆಯಲ್ಲಿ ಇದೆಲ್ಲ ಕೆಳಗಡೆ ಸಣ್ಣಕ್ಷರದಲ್ಲಿ ಇರುತ್ತದೆ. ಮೇಲುಗಡೆ ದಪ್ಪಕ್ಷರದಲ್ಲಿ ಇರುವುದು ವೇದಿಕೆ ಕಾರ್ಯಕ್ರಮ. ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು, ಅಧ್ಯಕ್ಷತೆ. ಇವಿಷ್ಟೂ ಮುಗಿದ ಮೇಲೆ, ಹೊತ್ತು ಉಳಿದರೆ, ಕಲೆ.

ಹೊತ್ತು ಉಳಿಯುವುದಿಲ್ಲ. ಇದನ್ನು ನಮ್ಮ ಅತ್ತೆಯನ್ನು ಕೇಳಿದರೆ ಹೇಳುತ್ತಾಳೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಬುಕ್ಕಾಂಬುಧಿ ಕೆರೆಯ ಈಚೆ ದಂಡೆಯ ಹಳ್ಳಿಯಲ್ಲಿ ಎರಡು ಎಮ್ಮೆ, ಒಂದು ತೋಟ, ಒಬ್ಬ ಗಂಡನನ್ನು ಸಾಕಿಕೊಂಡಿದ್ದಾಳೆ. ಮಕ್ಕಳ ಮದುವೆ ಎಲ್ಲ ಮುಗಿದ ಮೇಲೆ ಅವಳಿಗೆ ಹಾಡು ಕಲಿಯಬೇಕು ಅನ್ನಿಸಿತು. ವಾರಕ್ಕೊಮ್ಮೆ ಬಸ್ಸು ಹತ್ತಿ ಅಜ್ಜಂಪುರಕ್ಕೆ ಬಂದು ಹಾರ್ಮೋನಿಯಂ ಮುಂದೆ ಕೂರತೊಡಗಿದಳು. ಒಂದೇ ಒಂದು ಪದವನ್ನು ಹಿಡಿದು ತಿಕ್ಕಿ ತಿಕ್ಕಿ ಬೆಳಗಿದಳು. ಶಿವ ಭಿಕ್ಷೆಗೆ ಬರುತ್ತಾನೆ. ಮನೆಯವಳ ಕೈ ರೊಟ್ಟಿ ಹಿಟ್ಟಿನಲ್ಲಿದೆ. "ಸ್ವಲ್ಪ ತಡಿಯಪ್ಪ" ಅನ್ನುತ್ತಾಳೆ. ಶಿವ ಬಾಗಿಲಲ್ಲೇ ನಿಂತುಕೊಳ್ಳುತ್ತಾನೆ. ಇಷ್ಟೇ ಕಥೆ. ಈ ಪದವನ್ನು ನಾಲ್ಕು ಜನರ ಮುಂದೆ ಒಮ್ಮೆ ಹಾಡಬೇಕು ಎಂಬುದು ಅವಳ ಆಸೆ. ಮಾವನಿಗೆ ಇದು ತಮಾಷೆ. "ಊರಿಗೆಲ್ಲ ಯಾಕೆ ಕೇಳಿಸ್ಬೇಕು? ಎಮ್ಮೆ ಮುಂದೆ ಹಾಡು, ಒಂದು ಲೋಟ ಹಾಲಾದ್ರೂ ಜಾಸ್ತಿ ಇಳಿಸ್ತಾವೆ" ಅನ್ನುತ್ತಿದ್ದರು.

ಮೊದಲ ಸಲ ಕಡೂರಿನಲ್ಲಿ ಅತ್ತೆಯ ಸರದಿ ಬರುವಷ್ಟರಲ್ಲಿ ಅಧ್ಯಕ್ಷರು ತಮ್ಮ ಬಾಲ್ಯದಲ್ಲಿ ಇನ್ನೂ ಮೂರನೇ ಕ್ಲಾಸಿಗೆ ಬಂದಿದ್ದರು. ಅವರು ಪಾಸಾಗುವುದರೊಳಗೆ ಕೊನೇ ಬಸ್ಸಿನ ಹೊತ್ತಾಗಿ ಜನ ಎದ್ದರು.

ಎರಡನೇ ಸಲ ತರೀಕೆರೆಯಲ್ಲಿ ಆದದ್ದು ಇನ್ನೂ ಚೆಂದ. ಕೆಮ್ಮಣ್ಣುಗುಂಡಿ ಕಡೆಯಿಂದ ಬೀಸುವ ಗಾಳಿಗೆ ಎಲ್ಲರೂ ಮಂಕಿ ಟೋಪಿ ಹಾಕಿದ್ದರು. ಟೋಪಿಯೊಳಗೆ ಯಾರಿದ್ದಾರೆಂದು ತಿಳಿಯದೆ ನಿರೂಪಕ ಒಬ್ಬರನ್ನು ವೇದಿಕೆಗೆ ಕರೆಯುವುದನ್ನು ಬಿಟ್ಟ. ಆ ಸಲ ನಿರೂಪಕ ನಾನಲ್ಲ, ಪುಣ್ಯಕ್ಕೆ. ಬಿಟ್ಟುಹೋದವರು ಶಾಮಿಯಾನ ಅಂಗಡಿಯವರು. ಅಲ್ಲಿದ್ದ ಕುರ್ಚಿಯೆಲ್ಲ ಅವರದೇ. ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಟೆಂಪೋ ಬಂತು. ಇಬ್ಬರು ಆಳುಗಳು ಒಳಗೆ ಬಂದು "ಸ್ವಲ್ಪ ಏಳ್ರಿ, ಸ್ವಲ್ಪ ಏಳ್ರಿ" ಎನ್ನುತ್ತ, ಕೂತವರ ಕೆಳಗಿನಿಂದ ಕುರ್ಚಿ ಎಳೆದುಕೊಂಡು ಹೋದರು. ಮುಖ್ಯ ಅತಿಥಿಗಳು ಕೊನೆಯವರೆಗೂ ನಿಂತೇ ಇದ್ದರು. ಅತ್ತೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಒಬ್ಬ ವಯಸ್ಸಾದ ಅಜ್ಜಿಯನ್ನು ಕೂರಿಸಿ, ಕೊನೆಗೆ ಹಾಡದೆಯೇ ಪೆಟ್ಟಿಗೆ ಹೊತ್ತು ಮನೆಗೆ ಬಂದಳು.

"ಈ ಸಲ ಒಂದು ನೋಡ್ತೀನಿ ಕಣೋ," ಎಂದಳು ನನಗೆ. "ಅಜ್ಜಂಪುರದಾಗೂ ಹಾಡಕ್ಕಾಗ್ಲಿಲ್ಲ ಅಂದ್ರೆ ಪೆಟ್ಗೆ ಅಟ್ಟದ ಮ್ಯಾಕೆ ಹಾಕ್ತೀನಿ. ಆಮೇಲೆ ಯಾರೂ ನಂಗೆ ಹಾಡು ಅನ್ನಂಗಿಲ್ಲ. ನೀನಂತೂ ಅನ್ನಂಗೇ ಇಲ್ಲ."

ಅವಳು ಸುಮ್ಮಸುಮ್ಮನೆ ಹೇಳುವವಳಲ್ಲ. ಹಿಂದೆ ಒಮ್ಮೆ ಟೀವಿ ನೋಡುವುದಿಲ್ಲ ಅಂದವಳು ಅದರ ಮೇಲೆ ಇವತ್ತಿಗೂ ಹುಣಸೆಹಣ್ಣಿನ ಡಬ್ಬಿ ಇಟ್ಟಿದ್ದಾಳೆ.

ಆದರೆ ತರೀಕೆರೆಯ ಕುರ್ಚಿ ಪ್ರಸಂಗದಿಂದ ಕೂಟದ ಹಿರಿಯರು ಪಾಠ ಕಲಿತಿದ್ದರು, ಅದೇ ತೊಂದರೆಯಾಯಿತು. ಕೂಟದ ಕಾರ್ಯದರ್ಶಿಗಳು ಹೈಸ್ಕೂಲಿನ ನಿವೃತ್ತ ಮೇಷ್ಟ್ರು. ಪದ್ಧತಿ ಎಂದರೆ ಪ್ರಾಣ. ಅವರು ನನ್ನನ್ನು ಕರೆದು ಹೇಳಿದರು: "ನೋಡಪ್ಪ, ಈ ಸಲ ಯಾರನ್ನೂ ಬಿಡಂಗಿಲ್ಲ. ಒಬ್ಬರನ್ನ ಬಿಟ್ರೆ ಒಬ್ಬರಿಗೆ ಬೇಜಾರು. ಎಲ್ಲರನ್ನೂ ಕರೆದ್ರೆ ಯಾರಿಗೂ ಬೇಜಾರಿಲ್ಲ. ಲೆಕ್ಕ ಸರಿ ತಾನೆ?"

"ಎಲ್ಲರನ್ನೂ ಅಂದ್ರೆ ಎಷ್ಟು ಜನ ಸಾರ್?"

"ಎಲ್ಲರೂ ಅಂದ್ರೆ ಎಲ್ಲರೂ ಕಣೋ. ಕನ್ನಡದಾಗೆ ಹೇಳ್ದೆ ತಾನೆ?"

ಅಂದು ಬೆಳಗ್ಗೆ ಸಮುದಾಯ ಭವನದ ಬಾಗಿಲಲ್ಲಿ ಅಧ್ಯಕ್ಷರು ಸಿಕ್ಕರು. ತೆಂಗಿನಕಾಯಿ ಮಂಡಿಯ ಸಾಹುಕಾರರು. ಕಾಯಿ ಎಣಿಸಿ ಎಣಿಸಿ ಪಳಗಿದ ದನಿ. ಹಿರೇನಲ್ಲೂರಿನಲ್ಲಿ ಮಾತಾಡಿದರೆ ಕಡೂರಿನ ಲಾರಿ ತಿರುಗಿ ನೋಡಬೇಕು, ಅಂಥದ್ದು. ಈಗ ಕೊರಳಿಗೆ ಮಫ್ಲರ್ ಸುತ್ತಿ, ಅದರ ಮೇಲೆ ಇನ್ನೊಂದು ಮಫ್ಲರ್ ಸುತ್ತಿ, ಬಾಯಿ ತೆರೆದರೆ ಸೈಕಲ್ ಚಕ್ರದಿಂದ ಗಾಳಿ ಹೋದಂತೆ ಬರೀ "ಸ್ಸ್" ಎನ್ನುತ್ತಿದ್ದರು. ಹಾಗಿದ್ದರೂ ಅಧ್ಯಕ್ಷೀಯ ನುಡಿ ಬಿಡುವ ಮಾತೇ ಇಲ್ಲವಂತೆ. ಭವನವನ್ನು ಸಂಜೆ ನಾಲ್ಕಕ್ಕೆ ಮದುವೆಯವರಿಗೆ ಬಿಟ್ಟುಕೊಡಬೇಕಿತ್ತು. ಹಿಂದುಗಡೆ ಆಗಲೇ ಅಡುಗೆಯವರು ಬಂದು ಕುಂಬಳಕಾಯಿ ಒಡೆಯುತ್ತಿದ್ದರು.

ನಾನು ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಪಕ್ಕದಲ್ಲಿ ಮಾವ. ಅವಳ ಪಾದದ ಬಳಿ ಹಾರ್ಮೋನಿಯಂ, ತಬಲ. ತಬಲ ನುಡಿಸುವವರು ಅಂಚೆ ಇಲಾಖೆಯವರು. ಊರಿಗೆಲ್ಲ ಕಾಗದ ಹಂಚಿ ಬೆರಳು ಚುರುಕಾಗಿದೆ. ಎಲ್ಲ ಸರಿಯಾಗಿತ್ತು.

ಕರೆಯುವುದು ಶುರುವಾಯಿತು.

ಮೊದಲಿಗೆ ಅಧ್ಯಕ್ಷರು, ಅತಿಥಿಗಳು, ಉಪನ್ಯಾಸಕ್ಕೆಂದು ಕಡೂರಿನಿಂದ ಬಂದ ಕಾಲೇಜು ಮೇಷ್ಟ್ರು. ಇವರ ಹಿಂದೆ ಶಾಮಿಯಾನದವರನ್ನು ನಾನು ನನ್ನ ಎದೆಯಾಳದಿಂದ ಕರೆದೆ. ಅವರು ಮಂಕಿ ಟೋಪಿ ತೆಗೆದು, ಮುಖವನ್ನು ಎರಡೂ ಕಡೆ ತಿರುಗಿಸಿ ಎಲ್ಲರಿಗೂ ಗುರುತು ಮಾಡಿಸಿ ಮೇಲೆ ಹೋದರು. ಆಮೇಲೆ ಮಾಜಿಗಳು. ಅವರ ಬೆನ್ನಿಗೆ ಮಾಜಿಗಳಾಗುವವರು. ಆ ಸಾಲು ಮುಗಿದರೆ ಸಂಘದವರು, ಡೈರಿಯವರು, ಮಹಿಳಾ ಸಂಘದವರು. ಇಷ್ಟರಲ್ಲಿ ವೇದಿಕೆಯ ಮೇಲಿನ ಕುರ್ಚಿ ಮುಗಿದವು.

ನಾನು ಕಾರ್ಯದರ್ಶಿಗಳ ಮುಖ ನೋಡಿದೆ. ಅವರು ಶಾಮಿಯಾನದವರ ಮುಖ ನೋಡಿದರು. ಶಾಮಿಯಾನದವರು ವೇದಿಕೆಯಿಂದಲೇ, "ಕುರ್ಚಿಗೇನು ಬರಾನಾ? ಕೆಳಗಿರೋವು ಯಾರವು ಮತ್ತೆ? ಕೂತಿರೋ ಕುರ್ಚಿ ಎತ್ಕಂಡು ಬನ್ರಿ" ಎಂದರು.

ಅಲ್ಲಿಂದ ನನ್ನ ಕೆಲಸ ಸುಲಭವಾಯಿತು. "ಇವರು ತಮ್ಮ ಕುರ್ಚಿ ಸಮೇತ ವೇದಿಕೆಯನ್ನು ಅಲಂಕರಿಸಬೇಕೆಂದು ಕೋರುತ್ತೇನೆ" ಎಂದರಾಯಿತು. ಕರೆಸಿಕೊಂಡವರು ಎದ್ದು ನಿಂತು, ತಾವು ಕೂತಿದ್ದ ಕುರ್ಚಿಯನ್ನು ಬಗಲಿಗೆ ಹಾಕಿಕೊಂಡು, ಕೈಮುಗಿಯಲು ಒಂದೇ ಕೈ ಉಳಿದು, ಅದನ್ನೇ ಎದೆಗೊತ್ತಿಕೊಂಡು ನಡೆದರು. ಕಷ್ಟವಾದದ್ದು ಬಿರುದಿಗೆ. ಹೆಸರಿನ ಹಿಂದೆ ಏನಾದರೂ ಹೇಳದೆ ಬರಿದೇ ಕರೆಯುವುದು ಮರ್ಯಾದೆಯಲ್ಲ. ನನಗೆ ತಿಳಿದ ಬಿರುದೆಲ್ಲ ಎರಡನೇ ಸಾಲಿಗೇ ಖಾಲಿ. ಆಮೇಲೆ ಬಾಯಿಗೆ ಬಂದದ್ದು: "ನಮ್ಮ ಭಾಗದಲ್ಲಿ ಮೊತ್ತಮೊದಲು ಬೋರ್‌ವೆಲ್ ಕೊರೆಸಿದವರ ಅಳಿಯಂದಿರು." "ಚಳಿಗಾಲದಲ್ಲೂ ತಣ್ಣೀರು ಸ್ನಾನವನ್ನು ಬಿಡದ ಹಿರಿಯರು." "ಈರುಳ್ಳಿಯ ಬಗ್ಗೆ ಅಪಾರ ಕಾಳಜಿಯುಳ್ಳವರು." ಒಬ್ಬರಿಗೆ ಏನೂ ಹೊಳೆಯದೆ "ಇವರ ಪರಿಚಯದ ಅಗತ್ಯವೇ ಇಲ್ಲ" ಎಂದೆ. ಎಲ್ಲರಿಗಿಂತ ಜೋರು ಚಪ್ಪಾಳೆ ಅವರಿಗೇ ಬಿತ್ತು.

ಪ್ರತಿಯೊಬ್ಬರಿಗೂ ಒಂದು ಶಾಲು. ಶಾಲು ಮುಗಿದಾಗ ಶಾಮಿಯಾನದವರು ಟೆಂಪೋದಿಂದ ಮೇಜಿನ ಮೇಲೆ ಹಾಸುವ ಬಟ್ಟೆ ತರಿಸಿದರು. ಮರೂನ್ ಬಣ್ಣ, ಅಂಚಿಗೆ ನೆರಿಗೆ. ಯಾರೂ ಬೇಡ ಅನ್ನಲಿಲ್ಲ, ಅಂಥ ಚಳಿ. ಮೇಜಿನ ಬಟ್ಟೆ ಶಾಲಿಗಿಂತ ದಪ್ಪ ಎಂದು ಗೊತ್ತಾಗಿ, ಮೊದಲು ಶಾಲು ಹೊದೆಸಿಕೊಂಡಿದ್ದ ಒಬ್ಬಿಬ್ಬರು ಬದಲಾಯಿಸಿಕೊಡುತ್ತೀರಾ ಎಂದು ಕಣ್ಣಲ್ಲೇ ಕೇಳಿದರು.

"ಅಂಚೆ ಇಲಾಖೆಯ ಪ್ರತಿನಿಧಿಗಳು" ಎಂದು ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ ಹೇಳಿದರು.

"ಸಾರ್, ಅವರು ತಬಲ ನುಡಿಸೋರು."

"ತಬಲ ಆಮೇಲೆ. ಇಲಾಖೆ ಮೊದಲು."

ಅಂಚೆಯವರು ತಬಲವನ್ನು ಅತ್ತೆಯ ಪಾದದ ಬಳಿ ಬಿಟ್ಟು, "ಬಂದ್ಬಿಟ್ಟೆ ಅಕ್ಕ, ಒಂದ್ನಿಮಿಷ" ಎಂದು ಕುರ್ಚಿ ಎತ್ತಿಕೊಂಡು ಹೋದರು. ಅವರಿಗೂ ನೆರಿಗೆಯ ಬಟ್ಟೆ ಸಿಕ್ಕಿತು.

ಕೊನೆಗೆ ಕೆಳಗೆ ಉಳಿದವರು ಇಬ್ಬರೇ. ಅತ್ತೆ, ಮಾವ. ಕಾರ್ಯದರ್ಶಿಗಳು ಮಾವನ ಕಡೆ ಬೆರಳು ತೋರಿಸಿದರು. ಬಿರುದು ಹುಡುಕುವ ಕಷ್ಟವೇ ಇರಲಿಲ್ಲ. "ಇಂದಿನ ಗಾಯಕಿಯವರ ಪತಿದೇವರು ಕುರ್ಚಿ ಸಮೇತ..." ನನ್ನ ಮಾತು ಮುಗಿಯುವ ಮೊದಲೇ ಮಾವ ಎದ್ದಿದ್ದರು. ಹೆಂಡತಿ ಗಾಯಕಿಯೇ ಅಲ್ಲ ಎಂದು ಮೂರು ಚಳಿಗಾಲ ವಾದಿಸಿದ ಮನುಷ್ಯ ಪಂಚೆ ಸರಿಮಾಡಿಕೊಂಡು, ಕುರ್ಚಿ ಹಿಡಿದು, ಮದುಮಗನ ಹಾಗೆ ಮೆಟ್ಟಿಲು ಹತ್ತಿದರು.

"ಅತ್ತೇನೂ ಕರೀಲಾ ಸಾರ್?" ಎಂದು ಕೇಳಿದೆ.

"ಕಲಾವಿದರು ವೇದಿಕೆ ಕಾರ್ಯಕ್ರಮ ಮುಗಿದ ಮೇಲೆ ಬರ್ಬೇಕು. ಪದ್ಧತಿ."

ಹೀಗೆ ಕೂಟಕ್ಕೆ ಬಂದವರೆಲ್ಲ ವೇದಿಕೆಯ ಮೇಲೆ, ಆರೇಳು ಸಾಲಾಗಿ, ಮಂಡಿಯಲ್ಲಿ ಜೋಡಿಸಿದ ಕಾಯಿಯ ಹಾಗೆ ಒತ್ತಿ ಕೂತರು. ಎದುರಿಗೆ ಆ ದೊಡ್ಡ ಭವನದ ತುಂಬ ಅತ್ತೆ ಒಬ್ಬಳೇ. ಸ್ವೆಟರಿನ ಮೇಲೆ ಸೀರೆ, ಮಡಿಲಲ್ಲಿ ಕೈ.

ಏನೋ ಎಲ್ಲೋ ತಪ್ಪಿದೆ ಎಂದು ಎಲ್ಲರಿಗೂ ಅನ್ನಿಸಿತ್ತು. ಆದರೆ ಹೊದೆಸಿದ ಮೇಲೆ ಇಳಿಯುವುದು ಹೇಗೆ? ವಂದನಾರ್ಪಣೆಗೆ ಮೊದಲು ಇಳಿದರೆ ಕುರ್ಚಿಗೆ ಅವಮಾನ, ಹೊದೆಸಿದವರಿಗೆ ಅವಮಾನ. ಮೊದಲು ಇಳಿದವನಿಗೆ, "ಓ, ಇವನನ್ನ ತಪ್ಪಿ ಕರೆದಿದ್ರಂತೆ" ಎಂಬ ಹೆಸರು ಬೇರೆ.

ಉದ್ಘಾಟಕರು ಮೈಕು ಹಿಡಿದರು. "ವೇದಿಕೆಯ ಮೇಲಿರುವ..." ಎಂದು ಶುರುಮಾಡಿ ಒಬ್ಬೊಬ್ಬರನ್ನೇ ನೆನೆದರು. ಆ ಪಟ್ಟಿ ಮುಗಿಯುವಾಗ ಅಡುಗೆಮನೆ ಕಡೆ ಒಗ್ಗರಣೆ ಬಿದ್ದ ವಾಸನೆ ಬಂತು. ಕೊನೆಗೆ ಅವರು ಕೆಳಗೆ ನೋಡಿ, "ಹಾಗೂ ಸಭಿಕರಾದ... ತಾಯಿಯವರೇ" ಎಂದರು.

ಅತ್ತೆ ಕೈಮುಗಿದಳು. ಸಭೆಯಲ್ಲಿ ಒಬ್ಬರೇ ಇದ್ದರೆ ತುಂಬ ಕೆಲಸವಿರುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು. ಮಾತಾಡುವವರು ನಕ್ಕಾಗ ಅವಳೇ ನಗಬೇಕು. "ಅಲ್ವೇ?" ಎಂದಾಗ ಅವಳೇ ಹೌದು ಅನ್ನಬೇಕು. ಕೆಳಗಿನಿಂದ ಚಪ್ಪಾಳೆ ಬೀಳಬೇಕಾದರೆ ಅವಳೇ ತಟ್ಟಬೇಕು. ಒಬ್ಬರು, "ಇಂದಿನ ಯುವಕರು ದಾರಿ ತಪ್ಪುತ್ತಿದ್ದಾರೆ" ಎಂದು ಅವಳನ್ನೇ ಗದರಿಸಿದರು. ಅವಳು ಇನ್ನು ಮುಂದೆ ತಪ್ಪುವುದಿಲ್ಲ ಎಂಬಂತೆ ತಲೆಯಾಡಿಸಿದಳು.

ಕಡೂರಿನ ಮೇಷ್ಟ್ರು ಕೆರೆಗಳ ಬಗ್ಗೆ ಉಪನ್ಯಾಸಕ್ಕೆ ಚಿತ್ರಗಳನ್ನು ತಂದಿದ್ದರು. ಪರದೆ ಇದ್ದದ್ದು ವೇದಿಕೆಯ ಹಿಂದಿನ ಗೋಡೆಯ ಮೇಲೆ. ಗಣ್ಯರಿಗೆ ಕತ್ತು ತಿರುಗಿಸಿದರೂ ಕಾಣದು. ಹೊದ್ದ ಬಟ್ಟೆ ಬಿಗಿದಿತ್ತು. ಹಾಗಾಗಿ ಬುಕ್ಕಾಂಬುಧಿಯ ಏರಿ, ತೂಬು, ಕೋಡಿ ಎಲ್ಲವನ್ನೂ ಮೇಷ್ಟ್ರು ಅತ್ತೆಗೊಬ್ಬಳಿಗೇ ತೋರಿಸಿದರು. ದಿನಾ ಆ ಕೆರೆಯಲ್ಲಿ ಎಮ್ಮೆ ತೊಳೆಯುವವಳಿಗೆ.

"ಈ ಕೆರೆ ಎಷ್ಟು ದೊಡ್ಡದು ಅಂತ ತಮಗೆ ಅಂದಾಜಿದೆಯಾ ಅಮ್ಮ?"

"ದೊಡ್ಡದೇ ಬುಡಿ ಸಾರ್," ಎಂದಳು ಅತ್ತೆ. "ಬೇಗ ಬೇಗ ದಾಟಿಬಿಡ್ರಿ."

ವೇದಿಕೆಯ ಮೇಲಿದ್ದವರೆಲ್ಲ ಕೆರೆ ಕಾಣದೆಯೇ ಚಪ್ಪಾಳೆ ತಟ್ಟಿದರು.

ಮೂರು ದಾಟಿತ್ತು. ಮದುವೆಯವರ ಹೂವಿನ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಅಧ್ಯಕ್ಷೀಯ ನುಡಿ ಇನ್ನೂ ಬಾಕಿ. ಅದಾದ ಮೇಲೆ ವಂದನಾರ್ಪಣೆ. ಅಲ್ಲಿಗೆ ನಾಲ್ಕೇನು, ಐದೂ ಆಗುತ್ತದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಬಗ್ಗಿ, ಹಾರ್ಮೋನಿಯಂನ ತಿದಿಯನ್ನು ಮೆಲ್ಲಗೆ ಒತ್ತಿ, ಕೊಕ್ಕೆ ಹಾಕಿದಳು. ಮಗುವಿಗೆ ಗುಂಡಿ ಹಾಕುವ ಹಾಗೆ. ನನಗೆ ಅಟ್ಟ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದೆಳೆದರು. ಅಧ್ಯಕ್ಷರು. ಕಿವಿಗೆ ಬಾಯಿಟ್ಟು "ಸ್ಸ್" ಎಂದರು. ಆ ಗಾಳಿಯಲ್ಲಿ ಮಾತು ಹುಡುಕಿ ಹುಡುಕಿ ಅರ್ಥಮಾಡಿಕೊಂಡೆ.

"ಲೇ, ಬಚ್ಚಲಾಗೆಲ್ಲ ನನ್ನಂಗೆ ಮಾತಾಡ್ತೀಯಂತೆ. ಗೊತ್ತೈತೆ ನಂಗೆ. ಈಗ ಇಲ್ಲಿ ಮಾತಾಡು. ನಾನು ಬಾಯಿ ಆಡಿಸ್ತೀನಿ. ಎಲ್ಲಾ ಹೇಳ್ಬೇಕು, ಒಂದೂ ಬಿಡಂಗಿಲ್ಲ."

"ಬಾಲ್ಯಾನೂ ಹೇಳ್ಲಾ ಸಾವ್ಕಾರ್ರೆ?"

"ಅಲ್ಲಿಂದ್ಲೇ ಶುರು ಮಾಡು."

ನನಗೆ ಅವರ ಭಾಷಣ ಅವರಿಗಿಂತ ಚೆನ್ನಾಗಿ ಬರುತ್ತದೆ. ಬರಿಗಾಲಲ್ಲಿ ಶಾಲೆಗೆ ಹೋದದ್ದು, ಹೆಗಲ ಮೇಲೆ ಕಾಯಿ ಹೊತ್ತದ್ದು, ಕೊಬ್ಬರಿ ರೇಟು, ಇಂದಿನ ಮಕ್ಕಳು, ಮತ್ತೆ ಕೊಬ್ಬರಿ ರೇಟು. ನಾನು ಅವರ ಬೆನ್ನ ಹಿಂದೆ ಮೈಕು ಹಿಡಿದು ನಿಂತೆ. ಹಿಂದೆ ಕೂತವರಿಗೆ ಕಾಣುತ್ತಿದ್ದದ್ದು ನನ್ನ ಬೆನ್ನು ಮಾತ್ರ. ಅವರು ಮುಂದೆ ನಿಂತು ಕೈ ಮೇಲೆತ್ತಿದರು.

"ಮಾನ್ಯರೇ!" ಎಂದೆ.

ಕಿಟಕಿಯ ಗಾಜು ಗಲಗಲ ಎಂದಿತು. ವೇದಿಕೆಯ ಮೇಲಿದ್ದವರು ಬೆಚ್ಚಿ ನೆಟ್ಟಗೆ ಕೂತರು. "ಬಂತಲ್ಲಪ್ಪ ಗಂಟಲು!" ಎಂದು ಡೈರಿಯವರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಕಷಾಯದ ಮಹಿಮೆ ಎಂದರು ಯಾರೋ. ಅಧ್ಯಕ್ಷರ ಮುಖ ನನಗೆ ಕಾಣದಿದ್ದರೂ ಅವರ ಕಿವಿಗಳೆರಡೂ ಸಂತೋಷದಿಂದ ಹಿಂದಕ್ಕೆ ಸರಿದವು.

"ನಾನು ಚಿಕ್ಕವನಿದ್ದಾಗ..." ಎಂದೆ. ಅವರ ಬಾಯಿ ಆಡಿತು. ಕೈಯೂ ಕೆಳಗಿಳಿದು, ತಾವು ಎಷ್ಟು ಚಿಕ್ಕವರಿದ್ದರೆಂದು ಮೊಣಕಾಲ ಮಟ್ಟಕ್ಕೆ ತೋರಿಸಿತು.

ಅಧ್ಯಕ್ಷರ ಕಂಕುಳ ಸಂದಿಯಿಂದ ನನಗೆ ಅತ್ತೆ ಕಾಣುತ್ತಿದ್ದಳು. ಅವಳು ಎದ್ದು ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ್ದಳು.

"ನಾನು ಚಿಕ್ಕವನಿದ್ದಾಗ," ಎಂದು ಅದೇ ದನಿಯಲ್ಲಿ ಮುಂದುವರಿಸಿದೆ, "ಯಾರೂ ಇಷ್ಟೊತ್ತು ಮಾತಾಡ್ತಿರ್ಲಿಲ್ಲ. ಹಾಂ? ನನ್ನ ಮಾತು ಮುಗೀತು. ವಂದನಾರ್ಪಣೆ ಆಮೇಲೆ. ಈಗ ಹಾಡು ಶುರುವಾಗ್ಲಿ, ಇದು ಅಧ್ಯಕ್ಷರ ಅಪ್ಪಣೆ!"

ಅಧ್ಯಕ್ಷರ ಬಾಯಿ ಇನ್ನೂ ಬಾಲ್ಯದಲ್ಲೇ ಆಡುತ್ತಿತ್ತು. ಅವರು ಗರಕ್ಕನೆ ತಿರುಗಿದರು. "ಸ್ಸ್! ಸ್ಸ್ಸ್!" ಎಂದರು. ಆದರೆ ಅವರಿಗೆ ಹಿಂದೆ ಎಂದೂ ಬೀಳದಂಥ ಚಪ್ಪಾಳೆ ಬಿದ್ದುಬಿಟ್ಟಿತ್ತು. ತಣ್ಣೀರು ಸ್ನಾನದ ಹಿರಿಯರು ಎದ್ದು ನಿಂತು, "ಇಂಥಾ ಭಾಷಣ ನನ್ನ ಜೀವಮಾನದಾಗೆ ಕೇಳಿಲ್ಲ" ಎಂದರು. ಅಧ್ಯಕ್ಷರು ಒಂದು ಕ್ಷಣ ನನ್ನನ್ನು ನೋಡಿದರು, ಒಂದು ಕ್ಷಣ ಚಪ್ಪಾಳೆಯನ್ನು ಕೇಳಿದರು. ಆಮೇಲೆ ಜನರ ಕಡೆ ತಿರುಗಿ ಕೈಮುಗಿದರು. ಕೈಮುಗಿಯುವ ಮುನ್ನ ನನ್ನ ಕಾಲು ತುಳಿಯಲು ಮರೆಯಲಿಲ್ಲ.

"ಅಧ್ಯಕ್ಷರೇ ಅಪ್ಪಣೆ ಕೊಡಿಸಿದ ಮೇಲೆ ಅದೇ ಪದ್ಧತಿ," ಎಂದರು ಕಾರ್ಯದರ್ಶಿಗಳು. "ಗಾಯಕಿಯವರು ವೇದಿಕೆಗೆ ಬರ್ಬೇಕು."

ಬರುವುದೆಲ್ಲಿಗೆ? ವೇದಿಕೆಯ ಮೇಲೆ ಒಂದು ಲಿಂಬೆಹಣ್ಣು ಇಡಲು ಜಾಗವಿಲ್ಲ.

"ಯಾರಾದ್ರೂ ನಾಲ್ಕು ಜನ ಇಳೀರಪ್ಪ," ಎಂದರು ಕಾರ್ಯದರ್ಶಿಗಳು. ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಪಕ್ಕದವರ ಕಡೆ ನೋಡಿದರು. ಶಾಮಿಯಾನದವರು ತಮ್ಮ ಕುರ್ಚಿಯ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡರು.

"ಮಾವ, ನೀವಾದ್ರೂ ಇಳೀರಿ," ಎಂದೆ.

"ನಾನ್ ಹೆಂಗಿಳೀಲಿ? ಗಾಯಕಿ ಗಂಡ ಅಂತ ನೀನೇ ಕೂಗಿ ಕರ್ದಿದ್ದೀಯ. ಅವಳು ಹಾಡೋವಾಗ್ಲೇ ನಾನು ಇಳಿದ್ರೆ ಜನ ಏನಂದ್ಕಳ್ತಾರೆ?"

ಇಳಿಯುವವರು ಯಾರೂ ಇಲ್ಲವೆಂದು ನಾನೇ ಮೈಕು ಹಿಡಿದು ಕೆಳಗಿಳಿದು ವೇದಿಕೆಯ ಬದಿಗೆ ನಿಂತೆ.

ಆಗ ಕೆಳಗಿನಿಂದ ಅತ್ತೆ ಹೇಳಿದಳು: "ಯಾರೂ ಇಳೀಬೇಡಿ. ಅಲ್ಲೇ ಚೆನ್ನಾಗಿ ಕೂತಿದ್ದೀರಿ. ನಾನು ಇಲ್ಲೇ ಹಾಡ್ತೀನಿ."

ಹಾಗೆಂದವಳೇ ತನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕೂತಿದ್ದ ಕಡೆಯೇ ಜಮಖಾನ ಹಾಸಿ, ಪೆಟ್ಟಿಗೆಯ ಕೊಕ್ಕೆ ತೆಗೆದಳು. ತಬಲದವರು ಮೇಲೆ, ತಬಲ ಕೆಳಗೆ. ಅವರನ್ನು ಇಳಿಸುವುದು ಆಗದ ಮಾತು. ಐದನೇ ಸಾಲಿನ ನಡುವೆ ಸಿಕ್ಕಿಕೊಂಡಿದ್ದರು. ಕೊನೆಗೆ ತಬಲವೇ ಮೇಲೆ ಹೋಯಿತು. ಮಾಜಿಯಿಂದ ಹಾಲಿಗೆ, ಹಾಲಿಯಿಂದ ಮಹಿಳಾ ಸಂಘಕ್ಕೆ, ಅಲ್ಲಿಂದ ಈರುಳ್ಳಿಯವರಿಗೆ, ಹೀಗೆ ಕೈಯಿಂದ ಕೈಗೆ ದಾಟಿ ಅಂಚೆಯವರ ತೊಡೆಗೆ ತಲುಪಿತು. ಅವರು ಜೀವಮಾನವೆಲ್ಲ ಕಾಗದ ತಲುಪಿಸಿದವರು. ತಮಗೊಂದು ತಲುಪಿದ್ದು ನೋಡಿ ಕಣ್ಣರಳಿಸಿದರು.

ಅತ್ತೆ ಶುರುಮಾಡಿದಳು. ಶ್ರುತಿ ಸ್ವಲ್ಪ ಮೇಲೆ ಹಿಡಿದಿದ್ದಳು. ಕೆಮ್ಮು ಬಂತು. ನಿಲ್ಲಿಸಿ, ನೀರು ಕುಡಿದು, ಮೊದಲಿನಿಂದ ಶುರುಮಾಡಿದಳು.

ನಾನು ಬೇಕಾದಷ್ಟು ಕಾರ್ಯಕ್ರಮ ನೋಡಿದ್ದೇನೆ. ಸಭಿಕರು ಅಂದರೆ ಕಡಲೆಕಾಯಿ ಸಿಪ್ಪೆ, ಫೋನು, ಮಧ್ಯೆ ಎದ್ದು ಹೋಗುವುದು, "ಏನು ಸಾರು ಇವತ್ತು" ಎಂದು ಕೇಳುವುದು. ಅವತ್ತು ಇದ್ಯಾವುದೂ ಇಲ್ಲ. ವೇದಿಕೆಯ ಮೇಲೆ ಕೂತವರು ವೇದಿಕೆಯ ಮೇಲೆ ಕೂತವರ ಹಾಗೇ ಕೂರಬೇಕಲ್ಲ! ಯಾರೂ ಆಕಳಿಸಲಿಲ್ಲ. ಯಾರೂ ಫೋನು ತೆಗೆಯಲಿಲ್ಲ. ಕಾಲು ಕಡಿದರೂ ಕೆರೆದುಕೊಳ್ಳಲಿಲ್ಲ. ಊರಿಗೆ ಊರೇ ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಭೀರವಾದ ಮುಖ ಹೊತ್ತು, ನಮ್ಮ ಅತ್ತೆಯ ಕಡೆಗೇ ನೋಡುತ್ತ ಕೂತಿತ್ತು. ದೊಡ್ಡ ದೊಡ್ಡ ಗಾಯಕರಿಗೂ ಇಂಥ ಸಭೆ ಸಿಕ್ಕಿರಲಾರದು. ಅವಳಿಗೂ ಅದು ತಿಳಿಯಿತು ಅಂತ ಕಾಣುತ್ತದೆ. ದನಿ ಮೆಲ್ಲಗೆ ನೆಲೆಗೆ ಬಂತು. ಶಿವ ಬಾಗಿಲಿಗೆ ಬಂದ. ಅವಳು ತಡಿ ಎಂದಳು. ಅವನು ನಿಂತ.

ಮೂರನೇ ನುಡಿಗೆ ಬಂದಾಗ ಅವಳು ನಿಂತುಬಿಟ್ಟಳು.

ಮರೆತಿದ್ದಳು. ಬೆರಳು ಕೀಲಿಮಣೆಯ ಮೇಲೆ ಓಡಾಡಿತು, ದನಿ ಬರಲಿಲ್ಲ. ಅಂಚೆಯವರು ತಬಲದಲ್ಲಿ ಒಂದು ಸುತ್ತು ಹೆಚ್ಚಿಗೆ ಹೊಡೆದರು, ಇನ್ನೊಂದು ಸುತ್ತು ಹೊಡೆದರು. ಅತ್ತೆಯ ಕಿವಿ ಕೆಂಪಾಯಿತು. ನನಗೆ ಅಷ್ಟೂ ಜನರ ದನಿ ಬರುತ್ತಿತ್ತು, ಆ ಮೂರನೇ ನುಡಿ ಬರುತ್ತಿರಲಿಲ್ಲ.

"ಹಿಟ್ಟು ಮೆತ್ತಿದ ಕೈಯಾಗೇ ಬಾಗಿಲು ತೆಗೀತಾಳೆ ಕಣೇ!" ವೇದಿಕೆಯ ಮೇಲಿನಿಂದ ಸಿಡುಕಿನ ದನಿ ಬಂತು. ಮಾವ. ಹಾಲಿನ ಲೆಕ್ಕ ತಪ್ಪಿದಾಗ ಗದರುತ್ತಾರಲ್ಲ, ಅದೇ ರಾಗ. "ಅದಾದ್ಮೇಲೆ ಅವನು ಹಿಟ್ಟೇ ಕೊಡು ಸಾಕು ಅಂತಾನೆ. ದಿನಾ ಅದೇ ಹಾಡ್ತೀಯ, ಇವತ್ತೇನಾಯ್ತು ನಿಂಗೆ?"

ಊರೆಲ್ಲ ತಿರುಗಿ ಮಾವನನ್ನು ನೋಡಿತು. ಮಾವ ನೆರಿಗೆಯ ಬಟ್ಟೆಯನ್ನು ಗಲ್ಲದವರೆಗೂ ಎಳೆದುಕೊಂಡು ಸೂರು ನೋಡತೊಡಗಿದರು. ಅತ್ತೆ ನಕ್ಕಳು. ನಗುತ್ತಲೇ ಮೂರನೇ ನುಡಿ ಎತ್ತಿಕೊಂಡಳು. ಆ ನಗು ದನಿಯಲ್ಲಿ ಸೇರಿಕೊಂಡು, ಕೊನೆಯ ತನಕ ಶಿವ ಹೊಸ್ತಿಲಲ್ಲಿ ಹಿಟ್ಟು ತಿನ್ನುತ್ತ ನಿಂತಿದ್ದು ನಮಗೆಲ್ಲ ಕಾಣಿಸಿತು. ಹಾಡಿನಲ್ಲಿ ಶ್ರುತಿ ತಪ್ಪಿದ ಕಡೆಗಳೂ ಇದ್ದವು. ನಾನು ಅವಳ ಅಣಕ ಮಾಡಬಲ್ಲೆ. ಆ ತಪ್ಪುಗಳನ್ನೂ ಸೇರಿಸಿ ಮಾಡಬಲ್ಲೆ. ಇವತ್ತಿನವರೆಗೆ ಮಾಡಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ಮೇಲಿನಿಂದ ಕೆಳಕ್ಕೆ ಬಿತ್ತು. ಈ ಹೊತ್ತಿಗೆ ಗಂಡಿನ ಕಡೆಯವರು ಟ್ರಂಕು, ಹೋಲ್ಡಾಲು ಸಮೇತ ಒಳಗೆ ಬಂದು, ಕೂರಲು ಒಂದೂ ಕುರ್ಚಿ ಇಲ್ಲದೆ ಅತ್ತೆಯ ಹಿಂದೆ ಸಾಲಾಗಿ ನಿಂತಿದ್ದರು. ವೇದಿಕೆಯ ಮೇಲಿನ ಜನರನ್ನು ನೋಡಿ ಒಬ್ಬ ಹಿರಿಯರು ನನ್ನನ್ನು ಕೇಳಿದರು: "ಇವರೆಲ್ಲ ಹೆಣ್ಣಿನ ಕಡೆಯವರಾ? ಸಂಬಂಧ ಜಾಸ್ತಿಯಾಯ್ತು ಕಣಪ್ಪ, ಊಟಕ್ಕೆ ಇಷ್ಟು ಜನ ಅಂತ ನಮಗೆ ಹೇಳ್ಲೇ ಇಲ್ಲ."

ಕಾರ್ಯದರ್ಶಿಗಳು ಓಡೋಡಿ ಬಂದು ಮೈಕು ಕಿತ್ತುಕೊಂಡರು. "ಗಾಯಕಿಯವರು ದಯಮಾಡಿ ವೇದಿಕೆಗೆ ಬಂದು ಸನ್ಮಾನ ಸ್ವೀಕರಿಸಬೇಕು. ತರುವಾಯ ವಂದನಾರ್ಪಣೆ. ಎಲ್ಲರೂ ಎದ್ದು ಜಾಗ ಮಾಡಿಕೊಡಿ."

ಎಲ್ಲರೂ ನಿಟ್ಟುಸಿರು ಬಿಟ್ಟು, ಹೊದ್ದದ್ದನ್ನು ಸರಿಮಾಡಿಕೊಂಡು, ಅರ್ಧ ಎದ್ದರು.

"ಕೂತ್ಕಳ್ರೀ," ಎಂದಳು ಅತ್ತೆ.

ಎಲ್ಲರೂ ಕೂತರು. ಅಧ್ಯಕ್ಷರೂ.

"ಅಲ್ಲಿಗೆ ಬಂದ್ರೆ ನಾನೂ ನಿಮ್ಮಂಗೆ ಸುಮ್ನೆ ಕೂರ್ಬೇಕಾಗ್ತದೆ. ಸನ್ಮಾನ ನಂಗೆ ಬ್ಯಾಡ. ಇನ್ನೊಂದು ಪದ ಐತೆ, ಅದನ್ನೂ ಕೇಳಿಬಿಡ್ರಿ."

ಅವಳು ತಿದಿ ಒತ್ತಿದಳು. ನಾನು ಬೆಚ್ಚಿದೆ, ಯಾಕೆಂದರೆ ಅವಳಿಗೆ ಬರುವುದು ಒಂದೇ ಪದ ಎಂದು ನಾವೆಲ್ಲ ತಿಳಿದಿದ್ದೆವು. ಹಾರ್ಮೋನಿಯಂನಿಂದ ನಾನು ಎಂದೂ ಕೇಳಿರದ ಒಂದು ಎತ್ತುಗಡೆ ಹೊರಟಿತು. ಗಂಡಿನ ಕಡೆಯ ಹಿರಿಯರು ಟ್ರಂಕಿನ ಮೇಲೆ ಕೂತರು.

ವೇದಿಕೆಯ ಅಂಚಿನಿಂದ ಮಾವ ಬಗ್ಗಿ ನನ್ನ ಭುಜ ಅಲ್ಲಾಡಿಸಿದರು. ಮುಖದಲ್ಲಿ ಗಾಬರಿ.

"ಲೇ, ಇದನ್ನ ಯಾವಾಗ ಕಲಿತ್ಲೋ ಇವಳು? ಮರೆತ್ರೆ ನಂಗೊತ್ತಿಲ್ವಲ್ಲೋ ಇದು!"